ಗುಂಡಮ್ಮನ ಬಳೆಗಳು

ಖಂಡೆಪ್ಪನ ತಕರಾರು ಒಂದೇ: ಅವ್ವನ ಹಾಡಿನೊಳಗಿನ ಬಳೆಗಳನ್ನು ಈ ಹಾಳು ಡ್ಯಾಕುಗಳು ನುಂಗಿಹಾಕುತ್ತಿವೆ.

ಮಳಖೇಡದ ಮನೆಯಲ್ಲಿ ಅವ್ವ ಗುಂಡಮ್ಮ ಜೋಳ ಬೀಸುತ್ತ ಹಾಡಿದ್ದನ್ನು ಅವನು ಹರೆಯದಲ್ಲಿ ಕ್ಯಾಸೆಟ್ಟಿಗೆ ತುಂಬಿಕೊಂಡಿದ್ದ. ಕಲ್ಲು ಸುತ್ತಿದಂತೆಲ್ಲ ಅವಳ ಹಸಿರು ಗಾಜಿನ ಬಳೆಗಳು ಗಿಲ್ ಗಿಲ್ ಎನ್ನುತ್ತಿದ್ದವು. ಮರುವರ್ಷ ಅಪ್ಪ ತೀರಿಕೊಂಡ. ಓಣಿಯ ಹೆಂಗಸರು ಸೇರಿ ಆ ಬಳೆಗಳನ್ನು ಒಡೆದರು. ಆಮೇಲೆ ಸಾಯುವವರೆಗೂ ಅವ್ವನ ಕೈ ಬರಿದು. ಆ ಸದ್ದು ಉಳಿದದ್ದು ಕ್ಯಾಸೆಟ್ಟಿನಲ್ಲಿ ಮಾತ್ರ.

ರೀಲು ಹಳತಾಯಿತೆಂದು ಮಗಳು ಪ್ರೀತಿ ಹಾಡನ್ನು ಕಂಪ್ಯೂಟರಿಗೆ ಇಳಿಸಿಕೊಟ್ಟಳು. ಕಂಪ್ಯೂಟರಿನೊಳಗಿನ ಅಂಕಿಗಳನ್ನು ಮತ್ತೆ ದನಿ ಮಾಡಿ ಸ್ಪೀಕರಿಗೆ ಕಳಿಸುವ ಪುಟ್ಟ ಪೆಟ್ಟಿಗೆಯೇ ಡ್ಯಾಕ್. ಮೊದಲನೆಯದರಲ್ಲಿ ಅವ್ವನ ದನಿ ಬಂತು, ಕಲ್ಲಿನ ಗುಡುಗು ಬಂತು, ಬಳೆ ಬರಲಿಲ್ಲ. ಎರಡನೆಯದು ತರಿಸಿದ, ಅದರಲ್ಲೂ ಇಲ್ಲ. ಮೂರನೆಯದು ಹೈದರಾಬಾದಿನಿಂದ ಬಂತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಈಗ ಅವನಿರುವ ವಾಡಿ ಊರಿನ ಮನೆಯ ನೆಲಕ್ಕೆ ಶಹಾಬಾದಿನ ಸಪಾಟು ಫರ್ಸಿಕಲ್ಲು ಹಾಸಿದ್ದರಿಂದ ಡೊಂಕೆನ್ನಲು ಬರುವಂತಿರಲಿಲ್ಲ, ಹಾಗಾಗಿ ಡ್ಯಾಕಿಗೆ ಬೈಗುಳ ಬಿತ್ತು.

ತನ್ನ ಕಿವಿಯ ಮೇಲೆ ಅವನಿಗೆ ಅನುಮಾನ ಹೇಗೆ ಬರಬೇಕು? ಸಿಮೆಂಟು ಕಾರ್ಖಾನೆಯಲ್ಲಿ ಕಲ್ಲು ಅರೆಯುವ ದೊಡ್ಡ ಗಿರಣಿಯ ಮುಂದೆ ಆಯುಷ್ಯ ಕಳೆದವನು. ಗಿರಣಿಯ ಹೊಟ್ಟೆ ತುಂಬಿದೆಯೋ ಬರಿದಾಗಿದೆಯೋ ಎಂಬುದನ್ನು ಮೀಟರಿಗಿಂತ ಮುಂಚೆ ಸದ್ದಿನಿಂದಲೇ ಹೇಳುತ್ತಿದ್ದ. ಕಿವಿ ಮುಚ್ಚಿಕೊಳ್ಳಲು ಕೊಟ್ಟ ಇಯರ್ ಮಫ್ ಕೊರಳಲ್ಲಿ ನೇತಾಡುತ್ತಿತ್ತೇ ಹೊರತು ಕಿವಿಗೆ ಏರಲಿಲ್ಲ. ಜೊತೆಯವರು ಹೊಗಳಿದಷ್ಟೂ ಇವನು ಉಬ್ಬಿದ. ಹಾಗೇ ನಿವೃತ್ತನಾದ.

ಆ ಭಾನುವಾರ ಪ್ರೀತಿ ಮೂರೂ ಡ್ಯಾಕುಗಳನ್ನು ಟವೆಲ್ಲಿನ ಕೆಳಗಿಟ್ಟಳು. ದನಿ ಜೋರಿದ್ದದ್ದೇ ಚೆಂದ ಅನ್ನಿಸಿಬಿಡುತ್ತದೆಂದು ಮೂರರ ದನಿಯನ್ನೂ ಒಂದೇ ಮಟ್ಟಕ್ಕೆ ತಂದಳು. ಯಾವುದು ನುಡಿಯುತ್ತಿದೆಯೆಂದು ನೋಡದೆ ಹೇಳಬೇಕು ಎಂದಳು. ಖಂಡೆಪ್ಪ ಕಣ್ಣು ಮುಚ್ಚಿ ಕೇಳಿದ. ಮೊದಲಿನದು ಮಂದ, ಆಮೇಲಿನದು ಅಡ್ಡಿಯಿಲ್ಲ, ಕಡೆಯದರಲ್ಲಿ ಬಳೆ ಇನ್ನೇನು ಬಂದೇಬಿಟ್ಟಿತ್ತು ಎಂದು ತೀರ್ಪು ಕೊಟ್ಟ.

ಪ್ರೀತಿ ಟವೆಲ್ಲು ತೆಗೆದಳು.

“ಅಪ್ಪಾ, ನಾ ಡ್ಯಾಕ್ ಬದಲೇ ಮಾಡಿಲ್ಲ. ಮೂರು ಸಲಾನೂ ಒಂದೇ ಹಚ್ಚೀನಿ.”

“ಮತ್ತ ಬಳಿ?”

“ಎಲ್ಲಾದರಾಗೂ ಅವ. ಮೊದಲಿನ ದಿನದಿಂದಾನೂ ಅವ. ನನಗ ಕೇಳಸ್ತಾವ.”

ಖಂಡೆಪ್ಪನಿಗೆ ಸಿಟ್ಟು ನೆತ್ತಿಗೇರಿತು. ಆದರೆ ಈಚೆಗೆ ವಾಡಿಯಲ್ಲಿ ಗುಬ್ಬಿಗಳೇ ಉಳಿದಿಲ್ಲವೆಂದು ತಾನು ಕಂಡವರಿಗೆಲ್ಲ ದೂರುತ್ತಿದ್ದುದು ನೆನಪಾಗಿ ಸಿಟ್ಟು ಇಳಿದುಹೋಯಿತು. ಕಿಟಕಿಯ ಸರಳಿನ ಮೇಲೆ ಈಗಲೂ ಎರಡು ಕೂತಿದ್ದವು; ಕೊಕ್ಕು ಆಡುತ್ತಿತ್ತು, ಸದ್ದಿರಲಿಲ್ಲ. ಅವ್ವನ ಬಳೆಗಳನ್ನು ಅಂದು ಓಣಿಯವರು ಒಡೆದರು, ಈ ಸಲ ತಾನೇ ಒಡೆದುಕೊಂಡೆನಲ್ಲ ಎಂದು ಅವನಿಗೆ ಅಳು ಬಂತು.

ಕಲಬುರಗಿಗೆ ಹೋಗಿ ಕಿವಿ ತೋರಿಸೋಣ ಎಂದಳು ಪ್ರೀತಿ. ಹೂಂ ಅಂದ. ಆಮೇಲೆ ಫರ್ಸಿಯ ಮೇಲೆ ಕೂತಲ್ಲಿಂದಲೇ ಬಲಗೈ ಮುಂದೆ ಚಾಚಿದ.

“ಮತ್ತೊಮ್ಮೆ ಹಚ್ಚವ್ವಾ. ಬಳಿ ಸಪ್ಪಳ ಆದಾಗೊಮ್ಮೆ ನನ್ನ ಕೈ ಮುಟ್ಟು.”

ಹಾಡು ಶುರುವಾಯಿತು. ಮಗಳ ಬೆರಳು ಅವನ ಮಣಿಕಟ್ಟಿನ ಮೇಲೆ ಸುತ್ತಿಗೊಮ್ಮೆ ಬೀಳತೊಡಗಿತು. ನಡುವೆ ಲಯ ಬಿಟ್ಟು ಅವಸರದಿಂದ ಪಟಪಟ ತಟ್ಟಿತು. ಇಲ್ಲಿ ಯಾಕೋ ಸದ್ದು ಕೆಡುತ್ತದೆ, ರೀಲಿನ ದೋಷವಿರಬೇಕು ಎಂದಳು ಪ್ರೀತಿ.

“ದೋಷ ಅಲ್ಲವ್ವಾ, ಅದು ಎಡಗೈ. ಬುಟ್ಟ್ಯಾಗಿಂದ ಜೋಳಾ ತಗೊಂಡು ಕಲ್ಲಿನ ಬಾಯಿಗಿ ಹಾಕಾಕತ್ತಾಳ.”

ಕಲ್ಲು ತಿರುಗುತ್ತಲೇ ಇತ್ತು, ಬೆರಳು ಮತ್ತೆ ಲಯಕ್ಕೆ ಬಂತು. ಮುಂದಿನ ಸಲ ಬೆರಳು ಅವಸರಿಸುವ ಮುಂಚೆಯೇ, ಖಂಡೆಪ್ಪನ ಎಡಗೈ ಫರ್ಸಿಯಿಂದ ಮೆಲ್ಲಗೆ ಎದ್ದು, ಅಲ್ಲಿರದ ಬುಟ್ಟಿಯ ಕಡೆಗೆ ಹೋಯಿತು.