ತಗಡಿನ ಹಡಗಿನಿಂದ ಇಳಿದವರು

ಕಜಾಕಿಸ್ತಾನದ ಸಾರಿತೋಬೆ ಎಂಬ ಊರಿನ ಹಿಂದಿನ ಕೆಂಪು ಗುಡ್ಡಗಳ ನಡುವೆ ಆಕಾಶನೌಕೆ ಬಂದು ಇಳಿದು ವಾರವಾಗುತ್ತ ಬಂದಿತ್ತು. ಇಳಿಯಿತು ಎನ್ನುವುದು ಧಾರಾವಾಹಿ ತೆಗೆಯಲು ಬಂದ ಟೀವಿಯವರ ಮಾತು. ಊರಿನವರ ಕಣ್ಣೆದುರೇ ಒಂದು ಗುಜರಿ ಬಸ್ಸಿಗೆ ಪ್ಲೈವುಡ್ ಹೊಡೆದು, ತಗಡು ಸುತ್ತಿ, ಬೆಳ್ಳಿ ಬಣ್ಣ ಬಳಿದು ಅದನ್ನು ನಿಲ್ಲಿಸಿದ್ದರು. ಗಾಳಿ ಎದ್ದಾಗಲೆಲ್ಲ ನೌಕೆಯ ಬಾಲ ಕಿತ್ತುಕೊಂಡು ಹಾರುತ್ತಿತ್ತು, ಟೀವಿಯ ಹುಡುಗರು ಅದರ ಹಿಂದೆ ಓಡುತ್ತಿದ್ದರು. ಊರಿಗೆ ಇದಕ್ಕಿಂತ ಒಳ್ಳೆಯ ತಮಾಷೆ ಎಂದೂ ಸಿಕ್ಕಿರಲಿಲ್ಲ.

ಆ ತಮಾಷೆಯಲ್ಲಿ ನಗು ಬಾರದವಳು ಕಾಮ್‌ಷಾತ್ ಒಬ್ಬಳೇ. ಶುಕ್ರವಾರ ಗಡಿಯಾಚೆಯಿಂದ ಅವಳ ಮನೆ ಬಾಗಿಲಿಗೆ ಲಾರಿ ಬರುವುದಿತ್ತು. ಸಾಮಾನೆಲ್ಲ ಹೇರಿಕೊಂಡು, ಅವಳನ್ನೂ ಅವಳ ಗಂಡ ಕಿನಾಯತ್‌ನನ್ನೂ ಕೂರಿಸಿಕೊಂಡು, ಅದು ಮಂಗೋಲಿಯಾದ ಓಲ್ಗೀಗೆ ವಾಪಸು ಹೋಗುವುದಿತ್ತು. ಎರಡು ವರ್ಷದ ಹಿಂದೆ ಇದೇ ಲಾರಿಯಲ್ಲಿ, ಇದೇ ದಾರಿಯಲ್ಲಿ, ಹಾಡು ಹೇಳಿಕೊಂಡು ಬಂದಿದ್ದರು. ಕಾಮ್‌ಷಾತಳ ಮುತ್ತಜ್ಜ ಗಲಾಟೆಯ ಕಾಲದಲ್ಲಿ ಈ ಸೀಮೆ ಬಿಟ್ಟು ಗಡಿ ದಾಟಿ ಓಡಿದವನು. ಅವನ ಮರಿಮಗಳು ಮೂಲದ ಮಣ್ಣಿಗೆ ಮರಳಿದ್ದಳು. ಹೊರಡುವಾಗ, ಓಲ್ಗೀಯಲ್ಲೇ ಉಳಿದ ಅಣ್ಣ, "ಅಮ್ಮ ಹೊಲಿದ ಉಣ್ಣೆ ಕಂಬಳಿ ಇಲ್ಲೇ ಇರ್ಲಿ ಬಿಡು, ಅಲ್ಲಿ ಹೆಂಗೋ ಏನೋ" ಅಂದಿದ್ದ. ಅಣ್ಣನ ಅನುಮಾನವೇ ಗೆದ್ದಿತು ಎಂದು ಅವಳಿಗೆ ಈಗ ಹೊಟ್ಟೆ ಉರಿಯುತ್ತಿತ್ತು.

ಕಾರಣವನ್ನು ಬಾಯಿಬಿಟ್ಟು ಹೇಳಿದರೆ ಪರವೂರಿನವರು ನಕ್ಕಾರು. ಈ ಊರಿನಲ್ಲಿ ಯಾರೂ ಅವಳಿಗೆ ಎರುಲಿಕ್ ಕೊಟ್ಟಿರಲಿಲ್ಲ. ಹೊಸಬರು ಬಂದು ಗಂಟುಮೂಟೆ ಇಳಿಸಿದ ಮೇಲೆ, ಮೊದಲಿನಿಂದ ಇದ್ದವರು ಅವರನ್ನು ಕರೆದು ಮಾಂಸದೂಟ ಹಾಕಬೇಕು. ಆ ಊಟ ಉಂಡ ಮೇಲೆಯೇ ಬಂದವರು ಊರಿನವರು. ಅದನ್ನು ಉಣ್ಣದವರು ಹತ್ತು ವರ್ಷ ಇದ್ದರೂ ದಾರಿಹೋಕರು. ಕೇಳಿ ಪಡೆಯುವ ಊಟವಲ್ಲ ಅದು; ಉಂಡವರು ಆಮೇಲೆ ತಿರುಗಿ ಊರಿಗೆ ಉಣಿಸುವುದೂ ಪದ್ಧತಿ. ಕಾಮ್‌ಷಾತ್ ಆ ಮೊದಲ ಶರತ್ಕಾಲವೆಲ್ಲ ಬಾಗಿಲ ಕಡೆ ಕಿವಿಯಿಟ್ಟು ಕಾದಳು. ಚಳಿಗಾಲ ಬಂತು, ಹೋಯಿತು. ಊರಿನವರು ಎದುರು ಸಿಕ್ಕರೆ ಕ್ಷೇಮ ಕೇಳುತ್ತಿದ್ದರು, ಅವಳು ಓಲ್ಗೀಯ ರೂಢಿಯಂತೆ ಚಹಾಕ್ಕೆ ಉಪ್ಪು ಹಾಕುವುದನ್ನು ಆಡಿಕೊಂಡು ನಗುತ್ತಿದ್ದರು, ಕರೆಯುತ್ತಿರಲಿಲ್ಲ. ಎದುರು ಮನೆಯ ರಾಬಿಗಾ ಆಪಾ ಅಂತೂ ಎರಡು ವರ್ಷದಲ್ಲಿ ಒಮ್ಮೆಯೂ ಓಣಿ ದಾಟಿ ಈಚೆ ಬಂದವಳಲ್ಲ. ಕಂಡರೆ ಮುಖ ಊದಿಸಿಕೊಂಡು ಒಳಗೆ ಹೋಗುತ್ತಿದ್ದಳು.

"ಬೇಡದಿರೋ ಕಡೆ ಎಷ್ಟು ದಿನ ಅಂತ ಬಿದ್ದಿರೋದು?" ಎಂದು ಕಾಮ್‌ಷಾತಳೇ ಹಟ ಹಿಡಿದು ಲಾರಿಗೆ ಹೇಳಿಸಿದ್ದಳು. ಹೇಳಿಸಿದ ದಿನದಿಂದ ಅವಳಿಗೆ ಊಟ ಸೇರುತ್ತಿರಲಿಲ್ಲ, ಅದು ಬೇರೆ ಮಾತು.

ಅಲ್ಮಾಟಿಯಿಂದ ಬಂದ ಟೀವಿಯವರ ಮುಂದಾಳು ಇಂಕಾರ್ ಎಂಬ ಹುಡುಗಿ. ಕೂದಲು ಮೊಟಕು, ಗಂಟಲು ದೊಡ್ಡದು. ಧಾರಾವಾಹಿಯ ಕಥೆ ಇಷ್ಟು: ಒಂದು ಗ್ರಹ ಸುಟ್ಟು ಬೂದಿಯಾಗಿದೆ. ಅಲ್ಲಿಂದ ತಪ್ಪಿಸಿಕೊಂಡವರು ಹಡಗು ಹತ್ತಿ ಬದುಕಲು ಒಂದು ನೆಲ ಹುಡುಕುತ್ತ ನಕ್ಷತ್ರದಿಂದ ನಕ್ಷತ್ರಕ್ಕೆ ಅಲೆಯುತ್ತಾರೆ. ಒಂದೊಂದು ಕಂತಿಗೆ ಒಂದೊಂದು ಗ್ರಹ. ಈ ಕಂತಿನ ಗ್ರಹವೇ ಸಾರಿತೋಬೆ. ಇಲ್ಲಿಯ ಜನ ನಿರಾಶ್ರಿತರನ್ನು ಒಳಗೆ ಬಿಡದೆ ಹಿಂದಕ್ಕೆ ಕಳಿಸುತ್ತಾರೆ.

ಯಾರು ಯಾವ ಪಾತ್ರ ಎಂದು ಇಂಕಾರ್ ಕೇಳಿದಾಗ ಹಿರಿಯ ಸೇಯ್ಸೆನ್ ಅತಾ ಗಡ್ಡ ನೀವಿಕೊಂಡು, "ನಾವಂತೂ ಹುಟ್ಟಿದಾಗಿಂದ ಇಲ್ಲೇ ಇರೋರು ಕಣಮ್ಮಾ, ನಾವು ಗ್ರಹದೋರು. ಗುಳೆ ಬಂದೋರ ಪಾತ್ರಕ್ಕೆ ಕಾಮ್‌ಷಾತ್ ಇದಾಳಲ್ಲ, ಏನೂ ಹೇಳ್ಕೊಡೋದೇ ಬೇಡ" ಎಂದ. ಜನ ನಕ್ಕರು. ಅವನು ಹೇಳಿದ್ದರಲ್ಲಿ ವಿಷವೇನೂ ಇರಲಿಲ್ಲ, ಆದರೂ ಕಾಮ್‌ಷಾತಳಿಗೆ ಚುಚ್ಚಬೇಕಾದಲ್ಲಿಗೇ ಚುಚ್ಚಿತು. ಹೋಗುವ ಮುನ್ನ ಇದೊಂದು ಆಗಿಹೋಗಲಿ ಎಂದು ಬೆಳ್ಳಿ ಕಾಗದ ಹೊಲಿದ ಕೋಟು ತೊಟ್ಟು ನಿಂತಳು.

ಆ ಬೆಳಿಗ್ಗೆ ದೊಡ್ಡ ದೃಶ್ಯ. ನೌಕೆಯ ಬಾಗಿಲು ಕಿರುಗುಟ್ಟಿತು, ಹೊಗೆ ಬಿಟ್ಟರು, ಬೆಳ್ಳಿ ಕೋಟಿನವರು ಕೆಮ್ಮುತ್ತ ಇಳಿದರು. ಎದುರಿಗೆ ಗೋಣಿಬಟ್ಟೆ ಸುತ್ತಿಕೊಂಡು, ಹಣೆಗೆ ನೀಲಿ ಬಳಿದುಕೊಂಡು ಗ್ರಹದವರು ಸಾಲಾಗಿ ನಿಂತಿದ್ದರು. ಅವರ ಮುಖ್ಯಸ್ಥೆ ರಾಬಿಗಾ ಆಪಾ. ಊರಿನಲ್ಲಿ ಅಷ್ಟು ಗತ್ತಿನ ಮುಖ ಇನ್ನೊಂದಿರಲಿಲ್ಲ, ಇಂಕಾರ್ ನೋಡಿದ ಕೂಡಲೇ ಆರಿಸಿದ್ದಳು.

ಕಾಮ್‌ಷಾತ್ ಮುಂದೆ ಬಂದು ಕಲಿಸಿದ ಮಾತು ಹೇಳಿದಳು. "ನಮ್ಮ ನೆಲ ಸುಟ್ಟುಹೋಗಿದೆ. ನಮಗೆ ಕಾಲಿಡಲು ಜಾಗ ಕೊಡಿ."

ರಾಬಿಗಾ ಆಪಾ, "ಇಲ್ಲಿ ನಿಮಗೆ ಜಾಗವಿಲ್ಲ. ಹೊರಡಿ" ಎನ್ನಬೇಕಿತ್ತು. ಅವಳು ಬಾಯಿ ತೆರೆದಳು. "ಇಲ್ಲಿ ನಿಮಗೆ..." ಎಂದು ಉಗುಳು ನುಂಗಿ ನಿಂತಳು.

"ಕಟ್! ಆಪಾ, ಮರೆತುಹೋಯ್ತಾ?"

"ಮರೀಲಿಲ್ಲ. ಗಂಟ್ಲಲ್ಲಿ ಸಿಕ್ಕೊಳ್ತು."

ಮತ್ತೆ ಹೊಗೆ, ಮತ್ತೆ ಕೆಮ್ಮು, ಮತ್ತೆ ಕಾಮ್‌ಷಾತಳ ಮಾತು. ಈ ಸಲ ರಾಬಿಗಾ ಆಪಾ ಎದೆ ಸೆಟೆಸಿ, "ಇಲ್ಲಿ ನಿಮಗೆ ಜಾಗವಿಲ್ಲ" ಎಂದಳು. ಹೊರಡಿ ಎನ್ನುವ ಬದಲು ಮುಂದುವರಿಸಿದಳು. "ಆದ್ರೂ ಅಷ್ಟು ದೂರದಿಂದ ಬಂದಿದೀರ, ಒಂದ್ ಬಟ್ಲು ಚಹಾ ಕುಡ್ಕೊಂಡು ಹೋಗಿ."

ಗ್ರಹದವರು, ನಿರಾಶ್ರಿತರು, ಕ್ಯಾಮೆರಾದವನು, ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಇಂಕಾರ್ ತಲೆ ಮೇಲೆ ಕೈಯಿಟ್ಟಳು.

"ಆಪಾ, ನನ್ನಮ್ಮಾ, ನಾನು ಬರೆದಿರೋದ್ರಲ್ಲಿ ಚಹಾ ಇಲ್ಲ!"

"ಇಲ್ದಿದ್ರೆ ಬರಿ. ನಿನ್ ಕೈಗೇನು ಬೇಡಿ ಹಾಕಿದಾರಾ? ಮನೆ ಬಾಗ್ಲಿಗೆ ಬಂದೋರ್ನ ಬರೀ ಹೊಟ್ಟೇಲಿ ಅಟ್ಟು ಅಂತೀಯಲ್ಲ, ಇದನ್ನ ನಮ್ ಬೀಗರು ನೋಡ್ತಾರೆ ಕಣೇ! ತಾಲ್ದಿಕೊರ್ಗನ್ನಲ್ಲಿ ಅವರ ಮನೇಲಿ ಗೋಡೆಯಷ್ಟು ದೊಡ್ಡ ಟೀವಿ ಇದೆ. ಹೊಸಬ್ರಿಗೆ ಎರುಲಿಕ್ ಕೊಡ್ದೆ ಓಡ್ಸಿದ್ಲು ರಾಬಿಗಾ ಅಂತ ನನ್ ಮಗಳನ್ನ ಜೀವಮಾನ ಪೂರ್ತಿ ಆಡ್ಕೊಳಲ್ವಾ?"

"ಇದು ಬೇರೆ ಗ್ರಹ, ಆಪಾ!"

"ಯಾವ ಗ್ರಹ ಆದ್ರೇನು, ಮಾತಾಡ್ತಿರೋದು ನಮ್ ಭಾಷೆ ತಾನೆ?"

ಕಾಮ್‌ಷಾತಳೊಳಗೆ ಎರಡು ವರ್ಷದಿಂದ ಅದುಮಿಟ್ಟದ್ದು ಆಗ ಒಡೆಯಿತು. ತಡೆಯಬೇಕೆಂದುಕೊಂಡಳು, ನಾಲಿಗೆ ಕೇಳಲಿಲ್ಲ.

"ಯಾಕಾಪಾ ಇಷ್ಟು ಕಷ್ಟಪಡ್ತೀರಿ? ನಿಮಗೆ ಅಭ್ಯಾಸ ಇದೆಯಲ್ಲ. ಎರಡು ವರ್ಷದ ಹಿಂದೆ ಕ್ಯಾಮೆರಾ ಇಲ್ದೇನೇ ಎಷ್ಟು ಚೆನ್ನಾಗಿ ಮಾಡಿದ್ರಿ!"

ರಾಬಿಗಾ ಆಪಾಳ ನೀಲಿ ಹಣೆ ಗಂಟಿಕ್ಕಿತು.

"ಏನಂದೆ?"

"ನಿಜ ಅಂದೆ. ಬಂದೋರಿಗೆ ಊರಲ್ಲಿ ಒಬ್ರಾದ್ರೂ ಎರುಲಿಕ್ ಕೊಟ್ರಾ? ಶುಕ್ರವಾರ ಲಾರಿ ಬರುತ್ತೆ. ನಾವು ಹೋಗ್ತೀವಿ. ಆಮೇಲೆ ನೀವೆಲ್ಲ ಆರಾಮಾಗಿರಿ."

"ನೀನು ಎರುಲಿಕ್ ಉಂಡಿಲ್ವಾ?" ರಾಬಿಗಾ ಆಪಾಳ ದನಿ ಗುಡ್ಡಕ್ಕೆ ಹೊಡೆದು ಮರಳಿತು. "ಹಾಗಾದ್ರೆ ನಾನು ಊರಿಗೆ ವಾಪಸ್ ಬಂದ ದಿನ ನಿಮ್ಮನೆ ಅಂಗಳದಲ್ಲಿ ಆ ಕೊಪ್ಪರಿಗೆ, ಆ ಜನ, ಅದೆಲ್ಲ ಏನು? ಮಗಳ ಬಾಣಂತನ ಮುಗಿಸಿ, ಎದುರು ಮನೆಗೆ ಹೊಸಬರು ಬಂದಿದಾರಂತೆ, ಮೊದಲ ಊಟ ನಂದೇ ಅಂತ ಬೀಗರ ಹತ್ರ ಕುರಿ ಇಸ್ಕೊಂಡು ಬಂದೆ ಕಣೇ ನಾನು! ನಮ್ಮ ಬಾಗಿಲಿಂದ ನೋಡಿದ್ರೆ ಎಲ್ಲ ಮುಗಿದು ನೀವು ತಿರುಗಿ ಊರಿಗೆ ಉಣಿಸ್ತಾ ಇದೀರಿ. ನನ್ನ ಬಾಗಿಲು ದಾಟಿ ಹೋಗಿ ಇನ್ಯಾರದ್ದೋ ಮನೇಲಿ ಉಂಡ್ರಲ್ಲಾ ಅಂತ ಆವತ್ತೆಲ್ಲ ಅತ್ತಿದೀನಿ."

ಕಾಮ್‌ಷಾತ್ ಬೆಪ್ಪಾದಳು. ಎರುಲಿಕ್‌ನ ಮೊದಲ ಹಕ್ಕು ಅತಿ ಹತ್ತಿರದ ಬಾಗಿಲಿನದು ಎಂಬುದು ಅವಳಿಗೂ ಗೊತ್ತಿತ್ತು. ಆದರೆ ಆ ಬಾಗಿಲಿನವಳು ಊರಿನಲ್ಲೇ ಇರಲಿಲ್ಲ ಎಂಬುದನ್ನು ಅವಳಿಗೆ ಯಾರೂ ಹೇಳಿರಲಿಲ್ಲ. ಮುಚ್ಚಿದ ಬಾಗಿಲು ನೋಡಿ, ತನ್ನ ಮುಖ ನೋಡಬಾರದೆಂದೇ ಮುಚ್ಚಿಕೊಂಡಿದ್ದಾರೆ ಎಂದುಕೊಂಡಿದ್ದಳು.

"ಆಪಾ, ಅವರು ಊರಿನವರಲ್ಲ. ಕಿನಾಯತ್ ಕಡೆಯ ನೆಂಟರು. ಮಾಡು ಸೋರ್ತಿತ್ತು, ರಿಪೇರಿಗೆ ಬಂದಿದ್ರು. ಅವರಿಗೆ ಅಡಿಗೆ ಮಾಡಿದ್ದೆ ಅಷ್ಟೇ."

"ಯಾ ಅಲ್ಲಾ!" ಎಂದಳು ರಾಬಿಗಾ ಆಪಾ. ನಿಧಾನವಾಗಿ ಗ್ರಹದವರ ಸಾಲಿನ ಕಡೆ ತಿರುಗಿದಳು. "ನೀವೆಲ್ಲ ಏನ್ ಮಾಡ್ತಿದ್ರಿ? ಊರಲ್ಲೇ ಇದ್ರಲ್ಲ?"

ಸೇಯ್ಸೆನ್ ಅತಾ ಗೋಣಿಬಟ್ಟೆ ಸರಿಮಾಡಿಕೊಂಡ. "ನಿನ್ನ ಬಾಗಿಲು ದಾಟಿ ನಾವು ಹೆಂಗೆ ಕರೆಯೋದು, ರಾಬಿಗಾ? ನೀನು ಬರ್ಲಿ ಅಂತ ಕಾದ್ವಿ. ನೀನು ಬಂದ್ಮೇಲೆ ನಮ್ಮಾಕೆ ಬಂದು, ಯಾವಾಗ ಊಟ ಅಂತ ಕೇಳಿದ್ಲು. ನೀನು, ಎಲ್ಲ ಮುಗೀತಲ್ಲ, ನನ್ನನ್ಯಾಕೆ ಕೇಳ್ತೀರಿ ಅಂತ ಬಾಗಿಲು ಹಾಕ್ಕೊಂಡೆ. ನಮ್ಮನ್ನ ಯಾರನ್ನೂ ಕರೀದೆ ರಾಬಿಗಾ ಒಬ್ಬಳೇ ಎರುಲಿಕ್ ಉಣಿಸಿಬಿಟ್ಟಿದಾಳೆ ಅಂತ ನಾವೂ ಮುನಿಸ್ಕೊಂಡ್ವಿ."

"ಎರಡು ವರ್ಷ?"

"ನೀನು ಮುನಿಸ್ಕೊಂಡಿಲ್ವಾ ಎರಡು ವರ್ಷ?"

ಎಂಥ ಜನ ನೋಡಿ. ಹೊಸಬರಿಗೆ ಉಣಿಸಬೇಕೆಂದು ಊರಿಗೆ ಊರೇ ಕಾದು ಕೂತಿತ್ತು. ಯಾರದೋ ಸರದಿ ತಪ್ಪೀತೆಂದು ಮರ್ಯಾದೆ ಮಾಡಿ ಮಾಡಿ, ಕೊನೆಗೆ ಒಬ್ಬರೂ ಉಣಿಸಲಿಲ್ಲ. ಇಷ್ಟು ಅಚ್ಚುಕಟ್ಟಾಗಿ ತಪ್ಪು ಮಾಡಬೇಕಾದರೆ ಬಹಳ ಒಳ್ಳೆಯ ಮನಸ್ಸು ಬೇಕು.

ಕಾಮ್‌ಷಾತಳಿಗೆ ಮೊದಲು ನಗು ಬಂತು. ನಗುತ್ತ ನಗುತ್ತಲೇ ಅಳು ನುಗ್ಗಿತು, ಬೆಳ್ಳಿ ಕೋಟು ಚರಚರ ಸದ್ದು ಮಾಡುತ್ತ ಅಲುಗಿತು. ಯಾರೂ ಅವಳನ್ನು ಬೇಡವೆಂದಿರಲಿಲ್ಲ. ಎರಡು ವರ್ಷ ಎದೆಯ ಮೇಲೆ ಹೊತ್ತಿದ್ದ ಚಪ್ಪಡಿ ಕಲ್ಲು ಬರೀ ಗಾಳಿಯಾಗಿತ್ತು. ರಾಬಿಗಾ ಆಪಾ ಸಾಲು ಬಿಟ್ಟು ಬಂದು ಅವಳನ್ನು ತಬ್ಬಿಕೊಂಡಳು. ಹಣೆಯ ನೀಲಿಯೆಲ್ಲ ಕಾಮ್‌ಷಾತಳ ಕೆನ್ನೆಗೆ ಮೆತ್ತಿತು.

"ಆಪಾ, ಮೇಕಪ್!" ಎಂದು ಇಂಕಾರ್ ಕೂಗಿದಳು. ಆದರೆ ಕ್ಯಾಮೆರಾದವನಿಗೆ ನಿಲ್ಲಿಸು ಎಂದು ಮಾತ್ರ ಹೇಳಲಿಲ್ಲ.

"ನೀನು ಸ್ವಲ್ಪ ತಡಿ," ಎಂದಳು ರಾಬಿಗಾ ಆಪಾ ಮೂಗೊರೆಸಿಕೊಳ್ಳುತ್ತ. "ಕುರಿ ಕೊಯ್ದು ಬೇಯೋವರೆಗೂ ನಿನ್ನ ಕ್ಯಾಮೆರಾ ಕಾಯ್ಲಿ."

"ಆಪಾ, ಇವರನ್ನ ವಾಪಸ್ ಕಳಿಸ್ಲೇಬೇಕು. ಮುಂದೆ ಇನ್ನೂ ಮೂರು ಕಂತು ಇದೆ!"

"ಉಣಿಸಿದ ಮೇಲೆ ಹೆಂಗೇ ಕಳಿಸೋದು? ಮೂರು ಕಂತೂ ಇಲ್ಲೇ ಇರ್ಲಿ. ನಮ್ಮೂರಲ್ಲಿ ಜಾಗಕ್ಕೇನು ಬರ ಬಂದಿದೆಯಾ?"

ಇಂಕಾರ್ ಬಯಲನ್ನು ನೋಡಿದಳು. ಕಣ್ಣು ಹಾಯುವವರೆಗೂ ಜಾಗವೇ ಇತ್ತು. ಅವಳು ತನ್ನ ಹಾಳೆಗಳನ್ನು ಮಡಚಿ ಕುರ್ಚಿಯ ಕೆಳಗೆ ಹಾಕಿ, "ಸಾಯಂಕಾಲದ ಬೆಳಕು ಇನ್ನೂ ಚೆನ್ನಾಗಿರುತ್ತೆ ಬಿಡಿ" ಎಂದಳು. ಹಡಗಿನ ಕಪ್ತಾನನ ಪಾತ್ರದ ನಟ ವಾರದಿಂದ ತಣ್ಣನೆಯ ಬ್ರೆಡ್ಡು ತಿಂದು ಬೇಸತ್ತವನು. ಮಾಂಸದೂಟ ಎಂದು ಕೇಳಿದ್ದೇ ಈ ಗ್ರಹ ಬಿಟ್ಟು ತಾನು ಕದಲುವುದಿಲ್ಲ ಎಂದು ಸಾರಿಬಿಟ್ಟ.

ಸಂಜೆಯ ಹೊತ್ತಿಗೆ ನೌಕೆಯ ಪಕ್ಕದಲ್ಲೇ ಜಮಖಾನೆಗಳನ್ನು ಹಾಸಿದರು. ಬೌರ್ಸಾಕ್ ಎಂಬ ಹಿಟ್ಟಿನ ಉಂಡೆಗಳನ್ನು ಕರಿದು ರಾಶಿ ಹಾಕಿದರು. ಅಗಲ ಪರಾತಗಳಲ್ಲಿ ಹಿಟ್ಟಿನ ಹಾಳೆಗಳ ಮೇಲೆ ಹಬೆಯಾಡುವ ಮಾಂಸ ಬಂತು. ಹೊಲದಿಂದ ಓಡಿಬಂದ ಕಿನಾಯತ್‌ನಿಗೂ ಯಾರೋ ಬೆಳ್ಳಿ ಕೋಟು ತೊಡಿಸಿ ಕೂರಿಸಿದರು. ಸೇಯ್ಸೆನ್ ಅತಾ ಕೈಯೆತ್ತಿ ಹರಸಿದ. "ಬಂದೋರ ಕಾಲು ಈ ನೆಲದಲ್ಲಿ ಬೇರು ಬಿಡ್ಲಿ." ಅದು ಇಂಕಾರಳ ಹಾಳೆಯಲ್ಲಿ ಇರಲಿಲ್ಲ. ರಾಬಿಗಾ ಆಪಾ ಮೊದಲ ತುಂಡು ಕೊಯ್ದು ಕಾಮ್‌ಷಾತಳ ಕೈಗಿಟ್ಟಳು, ಜೊತೆಗೆ ಒಂದು ಬಟ್ಟಲು ಚಹಾ. ಕಾಮ್‌ಷಾತ್ ಗುಟುಕರಿಸಿ ತಲೆಯೆತ್ತಿದಳು. ಅದಕ್ಕೆ ಉಪ್ಪು ಹಾಕಿತ್ತು.

"ಸರಿಯಾಗಿದೆಯಾ?" ಎಂದಳು ರಾಬಿಗಾ ಆಪಾ. "ನಾನಂತೂ ಬಾಯಿಗೆ ಇಡಲ್ಲ ಅದನ್ನ."

ಕತ್ತಲಾಗುವ ಮುಂಚೆ ಮನೆಗೆ ಹೊರಟಾಗ, ಕಸೂತಿಯ ಬಟ್ಟೆ ಮುಚ್ಚಿದ ದೊಡ್ಡ ಪಾತ್ರೆಯೊಂದನ್ನು ಆಪಾ ಕಾಮ್‌ಷಾತಳ ಕಂಕುಳಿಗೆ ತುರುಕಿದಳು. ಮನೆಯ ಪಡಸಾಲೆಯಲ್ಲಿ ಗಂಟುಗಳು ಸಾಲಾಗಿ ಕೂತಿದ್ದವು. ಎಲ್ಲಕ್ಕಿಂತ ಮೇಲೆ, ಹಗ್ಗ ಬಿಗಿದ ಕೊಪ್ಪರಿಗೆ. ಕಾಮ್‌ಷಾತ್ ಪಾತ್ರೆ ಇಳಿಸಿ, ಕೋಟು ಕೂಡ ಬಿಚ್ಚದೆ, ಕೊಪ್ಪರಿಗೆಯನ್ನು ಕೆಳಗೆಳೆದು, ನೆಲಕ್ಕೆ ಕುಕ್ಕರಿಸಿ ಆ ಹಗ್ಗದ ಗಂಟಿಗೆ ಹಲ್ಲು ಹಾಕಿದಳು.

"ಏನೇ ಇದು?" ಎಂದ ಕಿನಾಯತ್.

"ಆಪಾ ಪಾತ್ರೆನ ಖಾಲಿ ವಾಪಸ್ ಕೊಡೋಕಾಗುತ್ತಾ? ಈಗ ನಾವು ಊರಿಗೆ ಉಣಿಸ್ಬೇಕು. ಅಷ್ಟು ಜನಕ್ಕೆ ಕೊಪ್ಪರಿಗೆ ಇಲ್ದೆ ಎಲ್ಲಿ ಬೇಯ್ಸಲಿ?"

ಕಿನಾಯತ್ ಚಾಕು ತಂದು ಹಗ್ಗ ಕತ್ತರಿಸಿದ. ತುಂಡಾದ ಹಗ್ಗ ಸುತ್ತಿಡುತ್ತ, "ಮತ್ತೆ ಶುಕ್ರವಾರದ ಲಾರಿ? ಬರ್ಬೇಡ ಅಂತ ಫೋನ್ ಮಾಡ್ಲಾ?" ಎಂದ.

"ಬೇಡ ಅನ್ಬೇಡ, ಬರ್ಲಿ," ಎಂದಳು ಕಾಮ್‌ಷಾತ್, ಕೊಪ್ಪರಿಗೆಯನ್ನು ಒಲೆಯ ಕಡೆಗೆ ಉರುಳಿಸುತ್ತ. "ಬರೋವಾಗ ಅಣ್ಣನ ಮನೆಗೆ ಹೋಗಿ ಅಮ್ಮನ ಕಂಬಳಿ ಹಾಕ್ಕೊಂಡು ಬರೋಕೆ ಹೇಳು. ಡ್ರೈವರು ಇಲ್ಲಿ ಉಂಡು, ಖಾಲಿ ಲಾರಿ ಹೊಡ್ಕೊಂಡು ವಾಪಸ್ ಹೋಗ್ಲಿ."