ನಡುನೀರಿನಲ್ಲಿ ಸೋತ ತೋಳು

ಕಲ್ಯಾಣಿಯ ನಡುನೀರು ಆ ಬೆಳಿಗ್ಗೆ ಹಸಿರು ಗಾಜಿನಂತೆ ನಿಶ್ಚಲವಾಗಿತ್ತು. ಹುಡುಗಿಯಾಗಿದ್ದಾಗಿನಿಂದ ನಾನು ಈಜುತ್ತ ಬಂದ ನೀರು ಅದು. ಯಾವ ದಡವೂ ಹತ್ತಿರವಿಲ್ಲದ ಕಡೆ ನನ್ನ ತೋಳುಗಳು ಮೇಲೇಳಲು ಒಪ್ಪಲಿಲ್ಲ. ಉಸಿರು ಕಟ್ಟಿರಲಿಲ್ಲ, ಎದೆ ನೋಯುತ್ತಿರಲಿಲ್ಲ; ತೋಳು ಮಾತ್ರ ಬೇರೆ ಯಾರದೋ ಆಗಿಬಿಟ್ಟಿತ್ತು. ಅಂಗಾತ ತೇಲುತ್ತ, ಕಾಲಾಡಿಸುತ್ತ ಹೇಗೋ ಮೆಟ್ಟಿಲ ಬಳಿ ಬಂದಾಗ, ಬಟ್ಟೆ ಹಿಂಡುತ್ತಿದ್ದ ವನಜಾಕ್ಷಿ ಅತ್ತಿಗೆ ಒದ್ದೆ ಸೀರೆಯ ತುದಿ ಎಸೆದು ಎಳೆದುಕೊಂಡರು.

"ಸುಸ್ತಾಯ್ತು, ಅಷ್ಟೇ," ಎಂದೆ. ಅವರು ಮತ್ತೆ ಬಟ್ಟೆ ಹಿಂಡತೊಡಗಿದರು.

ಅತ್ತಿಗೆ ನನ್ನ ಅಣ್ಣನ ಹೆಂಡತಿ. ಅಣ್ಣನ ಸ್ನಾಯುಗಳು ಒಂದೊಂದಾಗಿ ಸೊರಗಿ, ಐವತ್ತು ತುಂಬುವ ಮೊದಲೇ ಅವನು ತೀರಿಕೊಂಡಿದ್ದ. ಆಮೇಲೆ ಮನೆಯಲ್ಲಿ ನಾವಿಬ್ಬರೇ. ನೆಲದಿಂದ ಏಳುವಾಗ ಮೊಣಕಾಲ ಮೇಲೆ ಕೈಯೂರುವುದು ಅವನ ಕಾಯಿಲೆಯ ಮೊದಲ ಗುರುತಾಗಿತ್ತು. ಕಲ್ಯಾಣಿಯಲ್ಲಿ ತೋಳು ಸೋತ ಅದೇ ವಾರ ಊಟ ಮುಗಿಸಿ ಏಳುವಾಗ ನಾನೂ ಹಾಗೆಯೇ ಕೈಯೂರಿದೆ. ತಲೆಯೆತ್ತಿದರೆ ಅತ್ತಿಗೆ ನೋಡುತ್ತಿದ್ದರು. ಅವರ ಕೈಯ ಸೌಟಿನಿಂದ ಸಾರು ನೆಲಕ್ಕೆ ತೊಟ್ಟಿಕ್ಕುತ್ತಿತ್ತು.

ಇಬ್ಬರೂ ಆ ಮಾತೆತ್ತಲಿಲ್ಲ. ಎತ್ತಿದರೆ ನಿಜವಾದೀತೆಂಬ ಹೆದರಿಕೆ. ನಾನು ಬಾಗಿಲು ಹಾಕಿಕೊಂಡು ಬಸ್ಕಿ ಹೊಡೆದೆ, ಮಹಡಿ ಹತ್ತಿ ಇಳಿದೆ. ಶಕ್ತಿ ಇನ್ನೂ ಇದೆಯೆಂದು ನನಗೇ ತೋರಿಸಿಕೊಳ್ಳುವ ಹಟ. ತೊಡೆಗಳು ಕಲ್ಲಿನಂತೆ ಬಿಗಿದವು. ಒಂದು ಬೆಳಿಗ್ಗೆ ಮೂತ್ರ ಕಾಫಿ ಡಿಕಾಕ್ಷನ್ನಿನಂತೆ ಕಪ್ಪಾಗಿ ಹೋದಾಗ, ಬಚ್ಚಲ ಗೋಡೆ ಹಿಡಿದು ಕರೆದೆ.

"ಅತ್ತಿಗೆ, ನನಗೂ ಬಂತು."

"ಬಾಯಿ ಮುಚ್ಚು. ಸೀರೆ ಬದಲಾಯಿಸ್ಕೊ, ಹೊರಡೋಣ," ಎಂದರು. ಆಸ್ಪತ್ರೆ ಮುಟ್ಟುವವರೆಗೂ ನನ್ನ ಮಣಿಕಟ್ಟು ಬಿಡಲಿಲ್ಲ.

ಡಾಕ್ಟರಮ್ಮ ಅಣ್ಣನ ಕತೆಯನ್ನೆಲ್ಲ ಕೇಳಿಸಿಕೊಂಡು, "ಈಚೆಗೆ ಹೊಸ ಮಾತ್ರೆ ಏನಾದ್ರೂ ಶುರು ಮಾಡಿದೀರಾ?" ಎಂದರು.

"ಕೊಲೆಸ್ಟ್ರಾಲಿಗೆ ಒಂದು ಕೊಟ್ಟಿದಾರೆ. ಹೋದ ತಿಂಗಳು ಡೋಸ್ ಜಾಸ್ತಿ ಮಾಡಿದ್ರು."

ರಕ್ತಪರೀಕ್ಷೆ ಬಂದ ಮೇಲೆ ಅವರು ಮಂಚದ ಪಕ್ಕ ಕುಳಿತರು. "ಹೆಚ್ಚಿನವರಿಗೆ ಈ ಮಾತ್ರೆಯಿಂದ ಏನೂ ಆಗಲ್ಲ. ಕೆಲವರಿಗೆ ಮೈಕೈ ನೋವು. ಎಲ್ಲೋ ಅಪರೂಪಕ್ಕೆ ಹೀಗೆ ಸ್ನಾಯುನೇ ಒಡೆಯತ್ತೆ. ಅದರ ಮೇಲೆ ನೀವು ಬಸ್ಕಿ ಬೇರೆ ಹೊಡೆದಿದೀರಿ. ಮಾತ್ರೆ ನಿಲ್ಲಿಸಿ ಮೊದಲು ಕಿಡ್ನಿ ಕಾಪಾಡ್ಕೋಬೇಕು."

"ಹಾಗಾದ್ರೆ ಅಣ್ಣನ ಕಾಯಿಲೆ ಅಲ್ವಾ?"

"ಈಗಲೇ ಹೇಳಕ್ಕಾಗಲ್ಲ. ಮಾತ್ರೆಯಿಂದ ಆಗಿದ್ರೆ ಶಕ್ತಿ ವಾಪಸ್ ಬರತ್ತೆ. ಕಾಯೋಣ."

ಕಾಯುವಾಗಿನಷ್ಟು ಭಯ ನಡುನೀರಿನಲ್ಲೂ ಆಗಿರಲಿಲ್ಲ. ಡ್ರಿಪ್ಪಿನ ಕೆಳಗೆ ಕಣ್ಣು ಮುಚ್ಚಿದರೆ ಅದೇ ಹಸಿರು ಗಾಜು, ಅದರಡಿ ನಾನು. ಮನೆಗೆ ಬಂದ ಮೇಲೂ, ನಾನು ಏಳುವಾಗಲೆಲ್ಲ ಕೈ ಎಲ್ಲಿಗೆ ಹೋಗುತ್ತದೆಂದು ಇಬ್ಬರೂ ಕದ್ದು ನೋಡುತ್ತಿದ್ದೆವು. ಒಂದು ಮಧ್ಯಾಹ್ನ ಅವರೆಕಾಯಿ ಸುಲಿಯುತ್ತ ಕುಳಿತಿದ್ದವಳು, ಹಾಲು ಉಕ್ಕಿದ ಸದ್ದಿಗೆ ಓಡಿಹೋಗಿ ಒಲೆ ಆರಿಸಿದೆ. ತಿರುಗಿದರೆ ಬಾಗಿಲಲ್ಲಿ ಅತ್ತಿಗೆ.

"ಕೈಯೂರಲಿಲ್ಲ ನೀನು," ಎಂದರು. "ಬಾ ಇಲ್ಲಿ."

ಉಗ್ರಾಣದ ಬಾಗಿಲು ತೆರೆದರು. ಒಳಗೆ ಅಣ್ಣನ ಗಾಲಿಕುರ್ಚಿ. ವರ್ಷಗಟ್ಟಲೆ ಅಟ್ಟದಲ್ಲಿದ್ದದ್ದನ್ನು ಇಳಿಸಿ, ಒರೆಸಿ, ಹೊಸ ದಿಂಬು ಹೊಲಿದು ಇಟ್ಟಿದ್ದರು.

"ಊಟದಿಂದ ಕೈಯೂರಿ ಎದ್ದೆಯಲ್ಲ, ಅವತ್ತೇ ಇಳಿಸಿದೆ. ಅವರಿಗೆ ತರೋದು ತಡವಾಗಿತ್ತು. ನಿನಗೆ ಹಾಗಾಗಬಾರ್ದು ಅಂತ."

ಕೊಲೆಸ್ಟ್ರಾಲಿನಿಂದ ಹೃದಯಕ್ಕೆ ತೊಂದರೆಯಾಗದಿರಲೆಂದು ಡಾಕ್ಟರಮ್ಮ ಬೇರೊಂದು ಬಗೆಯ ಮಾತ್ರೆ ಬರೆದುಕೊಟ್ಟರು. ಅದನ್ನು ಹೆದರುತ್ತಲೇ ನುಂಗಿದೆ. ಅದೇ ದಿನ ಕುರ್ಚಿಯನ್ನು ಆಸ್ಪತ್ರೆಗೆ ಕೊಡಲು ಹೊರಟೆವು. ಖಾಲಿ ಕುರ್ಚಿಯನ್ನು ಅತ್ತಿಗೆ ತಳ್ಳುತ್ತಿದ್ದರು, ನಾನು ಪಕ್ಕದಲ್ಲಿ ನಡೆಯುತ್ತಿದ್ದೆ. ಗಾಲಿಗಳಿಗೆ ಅವರು ಎಷ್ಟು ಚೆನ್ನಾಗಿ ಎಣ್ಣೆ ಹಾಕಿದ್ದರೆಂದರೆ, ಬೀದಿಯುದ್ದಕ್ಕೂ ನಮ್ಮಿಬ್ಬರ ಚಪ್ಪಲಿಯ ಸದ್ದು ಮಾತ್ರ ಕೇಳುತ್ತಿತ್ತು.