ಬೆನ್ನಿಲ್ಲದ ಟ್ಯಾಂಕು

“ಆ ಮೇಲಿನ ಕಲ್ಲು ತೆಗೆದುಬಿಡು,” ಎಂದರು ಮಾವ, ಕುಳಿತ ಕುರ್ಚಿಯಿಂದ ಏಳದೆ. “ಅದು ನಿಲ್ಲಲ್ಲ.”

ಸೊಸೆ ಸ್ಟೂಲಿನ ಮೇಲೆ ನಿಂತು, ಇನ್ನೂ ನೀರು ತುಂಬದ ಗಾಜಿನ ಮೀನಿನ ಟ್ಯಾಂಕಿನೊಳಗೆ ಭುಜದವರೆಗೂ ಕೈ ಇಳಿಸಿದ್ದಳು. ಬಿಚ್ಚಿಕೊಂಡ ಕೂದಲು ಬಾಯಿಗೆ ಬರುತ್ತಿತ್ತು. ಅದನ್ನು ಊದಿ ಸರಿಸಿ, “ನಿಲ್ಲತ್ತೆ ಮಾವ,” ಎಂದಳು.

“ನಿಲ್ಲಲ್ಲ ಅಂದ್ರೆ ನಿಲ್ಲಲ್ಲ.”

“ನಿಲ್ಲತ್ತೆ ಅಂದ್ರೆ ನಿಲ್ಲತ್ತೆ.”

ಹಲ್ಲಿನ ಡಾಕ್ಟರಮ್ಮ ತಮ್ಮ ಕೋಣೆಯ ಬಾಗಿಲಲ್ಲಿ ನಿಂತು ನಕ್ಕರು. ಅಂದು ಕ್ಲಿನಿಕ್ಕಿಗೆ ರಜೆ. ಆದರೂ ಕೌಂಟರಿನ ಹೆಂಗಸು ಈ ಸಡಗರ ತಪ್ಪಿಸಿಕೊಳ್ಳಬಾರದೆಂದು ಬಂದು ಕೂತಿದ್ದಳು. ಮೂಲೆಯಲ್ಲಿ ತೊಳೆದ ಮರಳಿನ ಚೀಲ, ಉಪ್ಪು ಕದಡಿದ ನೀರಿನ ಡ್ರಮ್ಮುಗಳು ಕಾಯುತ್ತಿದ್ದವು. ಮೊದಲು ಕಲ್ಲು, ಆಮೇಲೆ ಮರಳು, ಆಮೇಲೆ ನೀರು. ಮರಳಿನ ಮೇಲೆ ಕಲ್ಲಿಟ್ಟರೆ ಮರಳು ತೋಡುವ ಮೀನೊಂದು ಬುಡ ಕೆರೆದು ಇಡೀ ಸಂಸಾರವನ್ನೇ ಕೆಡವಿಬಿಡುತ್ತದೆ.

ಟ್ಯಾಂಕು ಉದ್ದ, ಅಗಲ, ಎತ್ತರ ಮೂರೂ ಒಂದೇ ಅಳತೆಯದು. ಗೋಡೆಗೆ ಆತು ನಿಲ್ಲುವ ಟ್ಯಾಂಕಾದರೆ ಕೊಳವೆ, ವೈರು, ಮುಖ ಕೆಟ್ಟ ಕಲ್ಲು ಎಲ್ಲವನ್ನೂ ಹಿಂದಕ್ಕೆ ತಳ್ಳಿ, ಚೆಂದದ ಮುಖವನ್ನು ಇತ್ತ ತಿರುಗಿಸಿದರೆ ಮುಗಿಯಿತು. ಇದು ನಿಂತದ್ದು ರೋಗಿಗಳು ಕಾಯುವ ಕೋಣೆಯ ನಟ್ಟನಡುವೆ, ಸುತ್ತಲೂ ಕುರ್ಚಿಗಳು. ದವಡೆ ಹಿಡಿದುಕೊಂಡು ಯಾರು ಯಾವ ಕುರ್ಚಿಯಲ್ಲಿ ಕೂತರೂ ಅವರಿಗೆ ಅದೇ ಮುಂಭಾಗ. ಮೊದಲ ಸಲ ನೋಡಿದಾಗ ಮಾವ, “ಇದಕ್ಕೆ ಬೆನ್ನೇ ಇಲ್ವಲ್ಲಮ್ಮ,” ಎಂದಿದ್ದರು. ಸಾಲದ್ದಕ್ಕೆ ನೀರು ಇಳಿದುಹೋಗುವ ಕಪ್ಪು ಕೊಳವೆ ನಡುವೆಯೇ ಎದ್ದು ನಿಂತಿತ್ತು. ಅದನ್ನು ನಾಲ್ಕೂ ಕಡೆಯಿಂದ ಮರೆಮಾಡಬೇಕು, ಮರೆಮಾಡಿದ್ದು ಗೊತ್ತಾಗಬಾರದು.

ಅಂಗಡಿ ಬೀದಿಯಲ್ಲಿ ಮಾವನನ್ನು ಎಲ್ಲರೂ ಕರೆಯುವುದು ಉಪ್ಪಣ್ಣ ಎಂದು. ಸಿಹಿನೀರಿನ ಮೀನನ್ನು ಅವರು ಮೀನೆಂದೇ ಲೆಕ್ಕಕ್ಕಿಟ್ಟವರಲ್ಲ. ಉಪ್ಪುನೀರು, ಹವಳ, ಕಲ್ಲು, ಅಷ್ಟೇ ಅವರ ಲೋಕ. ಅದರಲ್ಲೂ ಕಲ್ಲು. ಅಂಟು ಹಾಕದೆ, ಕಂಬಿ ಚುಚ್ಚದೆ ಕಲ್ಲಿನ ಮೇಲೆ ಕಲ್ಲು ಕೂರಿಸುವುದೇ ಅವರ ಜಂಭ. ಜಂಭ ಹೌದು ಎಂದು ಅವರೇ ಒಪ್ಪಿಕೊಳ್ಳುತ್ತಿದ್ದರು, ಅದನ್ನೂ ಜಂಭದಿಂದಲೇ. ಜೋಡಣೆ ಮುಗಿದ ಮೇಲೆ ಅಂಗಿಯ ತೋಳು ಮಡಚಿ, ಎಲ್ಲಕ್ಕಿಂತ ಮೇಲಿನ ಕಲ್ಲಿನ ಮೇಲೆ ಅಂಗೈ ಇಟ್ಟು ಮೈಭಾರ ಬಿಡುವರು. ಕದಲಿದರೆ ಮತ್ತೆ ಮೊದಲಿನಿಂದ. “ಕಲ್ಲು ಬಿದ್ದು ಗಾಜು ಒಡೆಯೋಕೆ ಮುಂಚೆ ನನ್ನ ಮರ್ಯಾದೆ ಒಡೆಯತ್ತೆ,” ಎನ್ನುವರು. ಹಾಗೆ ಒತ್ತಿ ನೋಡದೆ ಅವರ ಅಂಗಡಿಯ ಒಂದು ಟ್ಯಾಂಕಿಗೂ ನೀರು ಬಿಟ್ಟದ್ದಿಲ್ಲ.

ಮಗನಿಗೆ ಮೀನು ಮಾರುವ ಬಾಯಿ ಬಂತು, ಕಲ್ಲು ಕೂರಿಸುವ ಕೈ ಬರಲಿಲ್ಲ. ಅದು ಬಂದದ್ದು ಸೊಸೆಗೆ. ಮದುವೆಯಾದ ಹೊಸದರಲ್ಲಿ ಊಟದ ಡಬ್ಬಿ ಕೊಡಲು ಬಂದವಳು ಅಂಗಡಿಯಲ್ಲೇ ಉಳಿದಳು. ಅವಳು ಕಟ್ಟಿದ್ದನ್ನು ಮಾವ ಗಿರಾಕಿಗಳ ಎದುರೇ ಒತ್ತಿ ಬೀಳಿಸಿ, “ಆರಿಸಮ್ಮ,” ಎಂದು ಚಹಾಕ್ಕೆ ಹೊರಟುಬಿಡುತ್ತಿದ್ದರು. ಅವಳು ಹಲ್ಲು ಕಚ್ಚಿಕೊಂಡು ಆರಿಸುವಳು. ಬೀಳದೆ ನಿಂತ ದಿನ ಮಾವನ ಬಾಯಿಂದ ಬರುತ್ತಿದ್ದುದು ಒಂದು “ಹೂಂ.” ಅದಕ್ಕಿಂತ ದೊಡ್ಡ ಬಿರುದನ್ನು ಅವರು ಯಾರಿಗೂ ಕೊಟ್ಟಿರಲಿಲ್ಲ. ಅದೂ ಅಂಗಡಿಯ ಸಣ್ಣ ಟ್ಯಾಂಕುಗಳಿಗೆ ಮಾತ್ರ. ಹೊರಗಿನ ಕೆಲಸದಲ್ಲಿ ಮೇಲಿನ ಕಲ್ಲು ಯಾವತ್ತೂ ಅವರದೇ.

ಈಚೆಗೆ ಮಾವನ ಬಲಗೈ ನಡುಗತೊಡಗಿತ್ತು. ಅವರು ಅದನ್ನು ಜೇಬಿನಲ್ಲಿಟ್ಟುಕೊಂಡು ಓಡಾಡುವರು. ಚಹಾ ಲೋಟವನ್ನು ಅರ್ಧಕ್ಕೆ ತುಂಬಿಸಿ ಕೊಡುವುದನ್ನು ಮನೆಯವರೆಲ್ಲ ಯಾರೂ ಹೇಳದೆಯೇ ಕಲಿತಿದ್ದರು. ಬೀದಿಯವರ ಬಾಯಿಗೆ ಬೀಗ ಹಾಕುವವರು ಯಾರು? ಉಪ್ಪಣ್ಣನ ಕಾಲ ಮುಗಿಯಿತು, ಇನ್ನು ಸೊಸೆ ಅಂಟು ಹಾಕಿ ಮೆತ್ತುತ್ತಾಳೆ ಎಂದು ಆಡಿಕೊಳ್ಳುತ್ತಿದ್ದರು. ಆ ಮಾತು ಅವಳ ಕಿವಿಗೂ ಬಿದ್ದಿತ್ತು. ಹಾಗಾಗಿ ಈ ಕ್ಲಿನಿಕ್ಕಿಗೆ ಬರುವಾಗ ಅಂಟಿನ ಡಬ್ಬಿಯನ್ನು ಬೇಕೆಂದೇ ಅಂಗಡಿಯಲ್ಲಿ, ಬೀದಿಗೆ ಕಾಣುವ ಹಾಗೆ ಇಟ್ಟು ಬಂದಿದ್ದಳು.

ಮೇಲಿನ ಕಲ್ಲು ಅಗಲವಾದದ್ದು, ಒಂದು ಕಡೆ ಉದ್ದಕ್ಕೆ ಚಾಚಿಕೊಂಡದ್ದು. ಅವಳು ಅದನ್ನು ಮೆಲ್ಲಗೆ ತಿರುಗಿಸಿದಳು, ಎತ್ತಿದಳು, ಮತ್ತೆ ಇಳಿಸಿದಳು. ಕಲ್ಲಿಗೆ ಕಲ್ಲು ಸಿಕ್ಕಿಕೊಂಡ ಸಣ್ಣ ಸದ್ದು ಬೆರಳಿಗೆ ತಿಳಿಯಿತು. ಕೈ ಬಿಟ್ಟಳು. ಅದರ ಚಾಚು ಕೆಳಗೆ ಏನೂ ಇಲ್ಲದೆ ಗಾಳಿಯಲ್ಲಿ ನಿಂತಿತು. ಸ್ಟೂಲಿನಿಂದಿಳಿದು ಒಂದೊಂದು ಕುರ್ಚಿಯಲ್ಲೂ ಕೂತು ನೋಡಿದಳು.

“ಒಳ್ಳೇ ದವಡೆ ಹಲ್ಲು ಬೇರು ಬಿಟ್ಟ ಹಾಗೆ ಕೂತಿದೆ,” ಎಂದರು ಡಾಕ್ಟರಮ್ಮ. “ನಾನಂತೂ ಕೀಳಲ್ಲಪ್ಪ.”

ಮಾವ ಎದ್ದರು. ಟ್ಯಾಂಕಿನ ಸುತ್ತ ನಡೆದರು. ಒಂದು ಕಡೆಯಿಂದ ನೋಡಿದರೆ ಗವಿ. ಇನ್ನೊಂದು ಕಡೆ ಆಚೆಯ ಬೆಳಕು ಕಾಣುವಂಥ ಸಂದು. ಮತ್ತೊಂದು ಕಡೆ ಹವಳ ಕೂರಿಸಲು ಮೆಟ್ಟಿಲು ಮೆಟ್ಟಿಲಾಗಿ ಇಳಿದ ಕಲ್ಲುಗಳು. ಗಾಜಿಗೂ ಕಲ್ಲಿಗೂ ನಡುವೆ ಒರೆಸುವವರ ಕೈ ಸಲೀಸಾಗಿ ಸುತ್ತಿಬರುವಷ್ಟು ಜಾಗ. ಅವರು ಬಗ್ಗಿದರು, ಕತ್ತು ಓರೆ ಮಾಡಿದರು, ಕೊಳವೆಯನ್ನು ಹುಡುಕಿದರು. ಅಷ್ಟು ದಪ್ಪದ ಕೊಳವೆ ಎಲ್ಲಿಯೂ ಇರಲಿಲ್ಲ. ಚಾಚಿದ ಕಲ್ಲಿನ ಎದುರು ನಿಂತು ಬಹಳ ಹೊತ್ತು ನೋಡಿದರು.

“ಚೆನ್ನಾಗಿದೆ,” ಎಂದರು. “ಮರಳು ಹಾಕಿ ನೀರು ಬಿಡು.”

ಇಷ್ಟು ವರ್ಷ ಕಾದ ಮಾತು. ಅವಳಿಗೆ ಕುಣಿಯುವಷ್ಟು ಖುಷಿಯಾಗಬೇಕಿತ್ತು, ಆಗಲಿಲ್ಲ. ಮಾವನ ಬಲಗೈ ಜೇಬಿನಲ್ಲಿತ್ತು. ಜೇಬಿನ ಬಟ್ಟೆ ಅದುರುತ್ತಿತ್ತು. ಕೈ ಹೊರಗೆ ತೆಗೆಯುವುದನ್ನು ತಪ್ಪಿಸಲು ಬಾಯಿ ಹೇಳಿದ ಮಾತು ಅದು. ಅವಳಿಗೆ ಸಿಟ್ಟು ಬಂತು, ಸಂಕಟವೂ ಆಯಿತು.

“ಒತ್ತಿ ನೋಡಿ ಮಾವ.”

“ಬೇಡ ಬಿಡು. ಕಣ್ಣಿಗೆ ಗೊತ್ತಾಗಲ್ವಾ?”

“ಆಗಲೇ ನಿಲ್ಲಲ್ಲ ಅಂದ್ರಿ.”

“ಅದು ಆಗ.”

“ನೀವು ಒತ್ತದೆ ನಾನು ನೀರು ಬಿಡಲ್ಲ. ನಮ್ಮ ಅಂಗಡಿಯಲ್ಲಿ ಯಾವತ್ತೂ ಬಿಟ್ಟಿಲ್ಲ.”

ಮಾವ ಹತ್ತಿರ ಬಂದರು. ದನಿ ತಗ್ಗಿತು. “ಕೈ ಹೇಳಿದ ಮಾತು ಕೇಳಲ್ಲ ಕಣಮ್ಮ. ಅದು ತಗುಲಿ ಬಿದ್ರೆ, ತಪ್ಪು ಕೈದೋ ಕಲ್ಲಿಂದೋ ಅಂತ ಹೇಗೆ ಗೊತ್ತಾಗತ್ತೆ? ಇಷ್ಟು ಚೆಂದ ಕಟ್ಟಿದ್ದೀಯ. ಸುಮ್ನೆ ಯಾಕೆ?”

“ಬಿದ್ರೆ ತಪ್ಪು ನಂದೇ,” ಎಂದಳು ಅವಳು, ದನಿ ತಗ್ಗಿಸದೆ. “ನಿಮ್ಮ ಕೈ ನಡುಗಿದ್ದಕ್ಕೆ ಬೀಳೋ ಕಲ್ಲನ್ನ ನಾನು ಇಟ್ಟಿಲ್ಲ ಮಾವ.”

ಮಾವ ಅವಳನ್ನೇ ನೋಡಿದರು. ಈ ಮಾತಿನ ಧಾಟಿ ಅವರದೇ. ಬೇರೊಬ್ಬರ ಬಾಯಿಂದ ಅದನ್ನು ಅವರು ಕೇಳಿದ್ದು ಇದೇ ಮೊದಲು. ಮೆಲ್ಲಗೆ ಜೇಬಿನಿಂದ ಕೈ ತೆಗೆದು ಮುಂದೆ ಚಾಚಿದರು.

ಅವಳು ಅವರ ಅಂಗಿಯ ಗುಂಡಿ ಬಿಚ್ಚಿ, ತೋಳನ್ನು ಮಡಿಕೆ ಮಡಿಕೆಯಾಗಿ ಭುಜದವರೆಗೆ ಏರಿಸಿದಳು. ಉಪ್ಪುನೀರಿಗೆ ಒರಟಾದ ಚರ್ಮ, ಕಲ್ಲು ಗೀರಿದ ಹಳೆಯ ಕಲೆಗಳು. ಕೈ ಎಲ್ಲರ ಎದುರೂ ನಡುಗುತ್ತಿತ್ತು. ಕೌಂಟರಿನ ಹೆಂಗಸು ತಟಕ್ಕನೆ ಬೇರೆಡೆ ತಿರುಗಿ, ಸರಿಯಾಗಿಯೇ ಇದ್ದ ಪತ್ರಿಕೆಗಳನ್ನು ಸರಿಯಾಗಿ ಜೋಡಿಸತೊಡಗಿದಳು.

ಮಾವ ಸೊಸೆಯ ಹೆಗಲು ಹಿಡಿದು ಸ್ಟೂಲು ಹತ್ತಿದರು. ಕೈ ಟ್ಯಾಂಕಿನ ಅಂಚು ದಾಟುವಾಗ ಉಗುರುಗಳು ಗಾಜಿಗೆ ಟಕಟಕ ಬಡಿದವು. ಅಂಗೈ ಕಲ್ಲನ್ನು ಮುಟ್ಟಿತು, ತಡಕಿತು, ಚಾಚಿನ ತುದಿಗೆ ಸರಿಯಿತು. ಬೀಳುವುದಿದ್ದರೆ ಅಲ್ಲಿಯೇ ಬೀಳಬೇಕು. ಇಬ್ಬರಿಗೂ ಅದು ಗೊತ್ತಿತ್ತು. ಅವರು ಮೊಣಕೈ ನೆಟ್ಟಗೆ ಮಾಡಿ, ಹಿಮ್ಮಡಿ ಎತ್ತಿ, ಮೈಭಾರವನ್ನೆಲ್ಲ ಬಿಟ್ಟರು.

ಕಲ್ಲು ಕದಲಲಿಲ್ಲ.

ಇನ್ನೊಮ್ಮೆ ಒತ್ತಿದರು, ಪಕ್ಕಕ್ಕೆ ತಳ್ಳಿ ನೋಡಿದರು. ಕದಲಲಿಲ್ಲ.

“ಹೂಂ,” ಎಂದರು.

ಸೊಸೆಯ ಕಣ್ಣು ತುಂಬಿತು. ಒರೆಸಿಕೊಳ್ಳಲು ಕೈ ಎತ್ತುವಂತಿರಲಿಲ್ಲ. ಸ್ಟೂಲಿನ ಮೇಲಿದ್ದ ಮಾವನ ಸೊಂಟವನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು.

“ಇನ್ನು ಮರಳು ಹಾಕ್ಬಹುದಾ?” ಎಂದು ಡಾಕ್ಟರಮ್ಮ ಕೇಳಿದರು.

“ಸ್ವಲ್ಪ ಇರಿ,” ಎಂದರು ಮಾವ.

ಅವರು ಕೈ ತೆಗೆಯಲಿಲ್ಲ. ಚಾಚಿದ ಕಲ್ಲಿನ ಮೇಲೆ ಬೆರಳು ಬಿಡಿಸಿಕೊಂಡು ಕೂತಿದ್ದ ಆ ಕೈ ಒಂದಿಷ್ಟೂ ನಡುಗುತ್ತಿರಲಿಲ್ಲ.